ತೆಲಿಗಿಯ ಹುಡುಗಿಗೆ ಹೇಳಲಾರದ ಮಾತು

14 ಫೆಬ್ರವರಿ 2005, ಸೋಮವಾರ
ಹಗರಿಬೊಮ್ಮನಹಳ್ಳಿ

ಈ ಆಪ್ತಸಮಾಲೋಚನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ದಿನಚರಿ ಬರೆಯಬೇಕು ಅನ್ನಿಸಿರಲಿಲ್ಲ. ಈವತ್ತು ಬಂದ ಹುಡುಗನ ವಿಷಯ ಯಾರ ಹತ್ತಿರವೂ ಆಡುವಂತಿಲ್ಲ. ಆಡದೆ ಇರಲೂ ಆಗುತ್ತಿಲ್ಲ. ಇಲ್ಲಿಗೆ ಬರುವವರ ಹೆಸರು ಹೊರಗೆ ಹೋಗಬಾರದು, ಅದಕ್ಕೇ ಇಲ್ಲಿ ಕೂಡ ನಿಜವಾದ ಹೆಸರು ಬರೆಯುವುದಿಲ್ಲ. ಅವನನ್ನು ಗವಿಸಿದ್ದೇಶ್ ಅನ್ನುತ್ತೇನೆ.

ಕೊಟ್ಟೂರಿನವನು, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಸೋದರಮಾವನ ಆಪರೇಷನ್ನಿಗೆ ರಕ್ತ ಕೊಡಲು ದಾವಣಗೆರೆಗೆ ಹೋಗಿದ್ದಾಗ ಅಲ್ಲಿಯವರು ಇವನ ರಕ್ತ ತೆಗೆದುಕೊಳ್ಳಲಿಲ್ಲವಂತೆ. ಪಕ್ಕಕ್ಕೆ ಕರೆದು, ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೋ ಅಂದರಂತೆ. ಕೊಟ್ಟೂರಿನಲ್ಲಿ ಎಲ್ಲರೂ ಗುರುತಿನವರು ಅಂತ ಇಲ್ಲಿಗೆ ಬಂದಿದ್ದಾನೆ. ಅವನು ಮಾತಾಡಿದ್ದು ಇಷ್ಟೇ. ಉಳಿದದ್ದೆಲ್ಲ ನಾನೇ ಮಾತಾಡಿದೆ: ಎಚ್‌ಐವಿ ಎಂದರೇನು, ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ. ಚೆನ್ನಾಗಿಯೇ ವಿವರಿಸಿದೆ ಅನ್ನಿಸುತ್ತದೆ. ರಕ್ತ ಕೊಟ್ಟು ಹೋದ.

17 ಫೆಬ್ರವರಿ, ಗುರುವಾರ

ಇದೆ.

ಹೇಳುವಾಗ ಅವನ ಮುಖ ನೋಡಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ನೋಡಿದೆ. ಅವನು ನಕ್ಕ, ಅಂಗಡಿಯಲ್ಲಿ ಗಿರಾಕಿಗೆ ನಗುವ ಹಾಗೆ. ಆಮೇಲೆ ಮೆಲ್ಲಗೆ ಅಂದ: "ಸರ್, ನನ್ನ ಮದುವಿ ಗೊತ್ತಾಗೇತಿ."

ಹುಡುಗಿ ಹರಪನಹಳ್ಳಿ ಕಡೆ ತೆಲಿಗಿಯವಳು. ಡಿ.ಎಡ್. ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ಲಗ್ನ. ಅವಳಿಗೆ ಹೇಳಲೇಬೇಕು, ಮದುವೆ ನಿಲ್ಲಿಸಲೇಬೇಕು ಅಂದೆ. ಕಾರಣಗಳನ್ನು ಒಂದೊಂದಾಗಿ ಹೇಳಿದೆ. ಅವನು ಎಲ್ಲದಕ್ಕೂ ಹೂಂ ಅಂದ. ಮುಂದಿನ ವಾರ ಬರ್ತೀನಿ ಅಂತ ಎದ್ದು ಹೋದ.

26 ಫೆಬ್ರವರಿ, ಶನಿವಾರ

ಗವಿಸಿದ್ದೇಶ್ ಬರಲಿಲ್ಲ.

ಬಳ್ಳಾರಿಯಿಂದ ಶಾಂಭವಿ ಮೇಡಂ ಬಂದಿದ್ದರು. ತಿಂಗಳಿಗೊಮ್ಮೆ ಬಂದು ನಮ್ಮ ಕೆಲಸ ನೋಡುವ ಮೇಲ್ವಿಚಾರಕಿ. ಮಹಿಳಾ ಕೌನ್ಸೆಲರ್ ಸರ್ಕಾರಿ ಕೆಲಸ ಸಿಕ್ಕಿ ಬಿಟ್ಟುಹೋದ ಮೇಲೆ ಇಲ್ಲಿ ಇರುವವರು ನಾನು, ಕಸ ಗುಡಿಸಿ ಬಾಗಿಲು ಕಾಯುವ ಪಾಲಮ್ಮ ಇಬ್ಬರೇ. ಮೇಡಂ ಬಂದರೆ ಮಾತಾಡಲು ಒಬ್ಬರು ಸಿಕ್ಕರಲ್ಲ ಅಂತ ಕಾದಿದ್ದೆ. ಎಲ್ಲ ಹೇಳಿ, ಆ ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸೋಣವೇ ಎಂದು ಕೇಳಿದೆ.

ಅವನು ನಕ್ಕಾಗ ನಿಮಗೇನನ್ನಿಸಿತು ಎಂದು ಅವರು ತಿರುಗಿ ಕೇಳಿದರು. ನನಗೇನನ್ನಿಸಿದರೆ ಏನು? ಮನೆಗೆ ಬೆಂಕಿ ಬಿದ್ದಿದೆ ಅಂದರೆ, ನಿಮಗೆ ಸೆಕೆಯಾಯಿತೇ ಎಂದು ಕೇಳಿದ ಹಾಗಾಯಿತು.

ನಿಯಮ ನನಗೂ ಗೊತ್ತು. ಅವನ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳುವಂತಿಲ್ಲ. ಲಗ್ನ ತೀರಾ ಹತ್ತಿರ ಬಂದೂ ಅವನು ಹೇಳದಿದ್ದರೆ, ಅವನಿಗೆ ಮೊದಲು ತಿಳಿಸಿ, ಆಸ್ಪತ್ರೆಯ ಡಾಕ್ಟರ ಜತೆ ಕೂತು ಯೋಚಿಸೋಣ ಅಂದರು. "ನೋಡ್ರಿ ಕ್ರಾಂತಿ, ಈಗ ಹೇಳಿಬಿಟ್ರೆ ಅವನೊಬ್ಬನೇ ಅಲ್ಲ, ನಾಳೆ ಈ ಬಾಗಿಲಿಗೆ ಯಾರೂ ಬರಂಗಿಲ್ಲ" ಅಂದರು. ಅವರ ಮಾತು ಸರಿಯೇ. ಸರಿಯಾಗಿದ್ದಕ್ಕೇ ಹೆಚ್ಚು ಸಿಟ್ಟು ಬಂತು.

6 ಮಾರ್ಚ್, ಭಾನುವಾರ
ಕೂಡ್ಲಿಗಿ

ಅಪ್ಪನನ್ನು ನೋಡಲು ಬಂದೆ. ಹಾಸ್ಟೆಲ್ ಅಡುಗೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುತ್ತಾನೆ. ಅವ್ವ ಹೋದಾಗಿನಿಂದ ಊಟ ರುಚಿಸುವುದಿಲ್ಲವಂತೆ. ಬೆಳಿಗ್ಗೆ ನಡೆಯಬೇಕು, ಲೈಬ್ರರಿಗೆ ಹೋಗಬೇಕು, ನಾಲ್ಕು ಜನರ ಜತೆ ಬೆರೆಯಬೇಕು ಎಂದು ಹೇಳಿದೆ. "ಆತಪ್ಪ" ಅಂದ. ಇಷ್ಟು ಓದಿಸಿದ್ದಾನೆ, ನನ್ನ ಮಾತು ಮಾತ್ರ ಕೇಳುವುದಿಲ್ಲ.

10 ಮಾರ್ಚ್, ಗುರುವಾರ

ಗವಿಸಿದ್ದೇಶ್ ಬಂದ. ತೂಕ ಇಳಿದಿದ್ದಾನೆ. ರೋಗದಿಂದಲ್ಲ, ಊಟ ಬಿಟ್ಟದ್ದರಿಂದ. ಗುಳಿಗೆಯ ಅವಶ್ಯಕತೆ ಸದ್ಯಕ್ಕಿಲ್ಲ, ಆಗಾಗ ರಕ್ತ ತೋರಿಸುತ್ತಿದ್ದರೆ ಸಾಕು ಎಂದು ಡಾಕ್ಟರ್ ಹೇಳಿದ್ದಾರೆ. ಅದನ್ನೇ ತಿರುಗಿ ಹೇಳಿದೆ. ಆಮೇಲೆ ಹುಡುಗಿಯ ಮಾತೆತ್ತಿದೆ. ಅವನಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ. ಹುಬ್ಬಳ್ಳಿಯಲ್ಲಿ ಎರಡು ವರ್ಷ ಇದ್ದಾಗಿನ ಸಹವಾಸ, ಅಷ್ಟೇ ಸರ್ ಅಂತ ತಾನಾಗಿಯೇ ಅಂದ. ನಾನು ಅದನ್ನು ಕೇಳಿರಲೇ ಇಲ್ಲ. ಮತ್ತೆ ಹುಡುಗಿಯ ಮಾತೆತ್ತಿದೆ. ಎದ್ದ.

ಇನ್ನೊಮ್ಮೆ ಬರುತ್ತಾನೋ ಇಲ್ಲವೋ.

22 ಮಾರ್ಚ್, ಮಂಗಳವಾರ

ಈವತ್ತು ರಜೆ ಹಾಕಿ ಹರಪನಹಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ತೆಲಿಗಿಗೆ ಹೋಗುವುದೆಂದಿತ್ತು. ಹೋಗಿ ಏನು ಮಾಡುವುದೆಂದು ಗೊತ್ತಿರಲಿಲ್ಲ. ಹರಪನಹಳ್ಳಿ ಬಸ್‌ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆ. ತೆಲಿಗಿ ಬಸ್ಸು ಬಂದು ನಿಂತು ಹೊರಟಿತು. ಇನ್ನೊಂದು ಬಂತು. ಕಂಡಕ್ಟರ್ ನನ್ನನ್ನೇ ನೋಡಿ, ಬರ್ತೀರೇನ್ರಿ ಎಂದು ಕೇಳಿದ. ಇಲ್ಲ ಅಂದೆ. ಹಗರಿಬೊಮ್ಮನಹಳ್ಳಿಗೆ ವಾಪಸು ಬಂದೆ.

26 ಮಾರ್ಚ್, ಶನಿವಾರ

ಹರಪನಹಳ್ಳಿಗೆ ಹೋಗಿದ್ದನ್ನು ಮೇಡಂಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಹೋಗಿದ್ದರೆ ಯಾರ ಸಂಕಟ ಕಡಿಮೆಯಾಗುತ್ತಿತ್ತು ಎಂದು ಕೇಳಿದರು. ಯೋಚಿಸಿ, ನನ್ನದು ಅಂದೆ.

ಆಮೇಲೆ ನಾಟಕ ಮಾಡಿಸಿದರು. ನಾನು ಗವಿಸಿದ್ದೇಶ್ ಆಗಬೇಕು, ಅವರು ನಾನಾಗುತ್ತಾರೆ. ಇಂಥದ್ದೆಲ್ಲ ನನಗೆ ಸೇರುವುದಿಲ್ಲ, ಆದರೂ ಕೂತೆ. ಅವರು ನನ್ನದೇ ಮಾತುಗಳನ್ನು, ನನ್ನದೇ ಧಾಟಿಯಲ್ಲಿ ಶುರುಮಾಡಿದರು: ಹೇಳಲೇಬೇಕು, ಒಂದು ಹುಡುಗಿಯ ಜೀವನ, ನೀವು ವಿಚಾರವಂತರು. ಸ್ವಲ್ಪ ಹೊತ್ತಿಗೆಲ್ಲ ನನಗೆ ಬಾಗಿಲಿನ ಕಡೆ ನೋಡುವಂತಾಯಿತು. ಎದುರು ಕೂತವರಿಗೆ ಆ ಹುಡುಗಿ ಕಾಣುತ್ತಿದ್ದಾಳೆ, ನಾನು ಕಾಣುತ್ತಿಲ್ಲ. ನನಗೆ ಸಾಯುವ ಭಯ ಇದೆಯೇ ಅಂತ ಒಬ್ಬರೂ ಕೇಳುತ್ತಿಲ್ಲ.

ಮೇಡಂ ಏನೂ ವಿವರಿಸಲಿಲ್ಲ. ಬಳ್ಳಾರಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

7 ಏಪ್ರಿಲ್, ಗುರುವಾರ

ಬರುವುದಿಲ್ಲ ಅಂದುಕೊಂಡಿದ್ದವನು ಬಂದ. ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ಒಂದನ್ನು ಮೇಜಿನ ಮೇಲಿಟ್ಟ. ಹುಡುಗಿಯ ಹೆಸರನ್ನು ನಾನು ನೋಡಿದ್ದು ಆಗಲೇ. ಇಲ್ಲಿ ಅಮೃತಾ ಎಂದು ಬರೆಯುತ್ತೇನೆ.

ಹೇಳುವುದೆಲ್ಲ ಹೇಳಿ ಮುಗಿದಿತ್ತು. ಸುಮ್ಮನೆ ಕೂತೆ. ಹೊರಗೆ ಪಾಲಮ್ಮ ಬಕೆಟ್ಟು ಎಳೆಯುವ ಸದ್ದು, ರಸ್ತೆಯಲ್ಲಿ ಮೆಕ್ಕೆಜೋಳದ ಟ್ರ್ಯಾಕ್ಟರುಗಳು. ಬಹಳ ಹೊತ್ತಾದ ಮೇಲೆ, ಸಾಯೋದಕ್ಕೆ ಹೆದರಿಕೆಯಾಗುತ್ತಾ ಎಂದು ಕೇಳಿದೆ.

ಅತ್ತ. ಮುಖ ಮುಚ್ಚಿಕೊಳ್ಳದೆ ಅತ್ತ.

"ಅಕಿಗೆ ಹೇಳಿದ್ರ ನನಗ ಐತಿ ಅನ್ನೋದು ಖರೇ ಆಗಿಬಿಡ್ತೈತಿ ಸರ್" ಅಂದ. "ಈಗ ನಿಮ್ಮೊಬ್ರಿಗೇ ಗೊತ್ತು. ಬಾಗಿಲು ದಾಟಿ ಹೊರಗ ಹೋದ್ರ ನಾನು ಛಲೋ ಅದೀನಿ."

ನೀವೇ ನಮ್ಮ ಅವ್ವಗ ಹೇಳಿಬಿಡ್ರಿ ಅಂದ. ಕರೆದುಕೊಂಡು ಬನ್ನಿ, ಜತೆಗೆ ಕೂರುತ್ತೇನೆ, ಹೇಳುವುದು ನೀವೇ ಅಂದೆ. ಒಪ್ಪಿದ.

ನಾನೇನೂ ಮಾಡಲಿಲ್ಲ ಈವತ್ತು. ಹಾಳು ದಿನ.

12 ಏಪ್ರಿಲ್, ಮಂಗಳವಾರ

ನಾಗಲಿಂಗಮ್ಮ, ಅವನ ತಾಯಿ, ವಿಭೂತಿಯ ಹಣೆಯ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಅಂಗಡಿ, ಮನೆ ಎರಡನ್ನೂ ನಿಲ್ಲಿಸಿದವಳು. ಕೂರುವ ಮುಂಚೆ ನನ್ನ ಊರು, ಮನೆತನ ವಿಚಾರಿಸಿದಳು. ಹೇಳಿದೆ. ಪಾಲಮ್ಮ ತಂದಿಟ್ಟ ನೀರಿನ ಲೋಟ ಹಾಗೇ ಉಳಿಯಿತು. ಅದರ ಬಗ್ಗೆ ಈವತ್ತು ಯೋಚಿಸುವಷ್ಟು ಜಾಗ ನನ್ನ ತಲೆಯಲ್ಲಿಲ್ಲ.

ಗವಿಸಿದ್ದೇಶ್ ಹೇಳಿದ. ತೊದಲಿದ, ಆದರೆ ಪೂರ್ತಿ ಹೇಳಿದ. ಅವಳು ಮಗನ ಕಡೆ ನೋಡಲಿಲ್ಲ. ನನ್ನನ್ನು ಕೇಳಿದಳು:

"ಯಾರ್ಯಾರಿಗೆ ಗೊತ್ತೈತಿ ತಮ್ಮಾ?"

ಡಾಕ್ಟರಿಗೆ, ನನಗೆ, ನನ್ನ ಮೇಲಿನವರೊಬ್ಬರಿಗೆ, ಹೆಸರಿಲ್ಲದೆ ಅಂದೆ.

"ಅಷ್ಟಕ್ಕ ಇರ್ಲಿ."

ಹುಡುಗಿಗೆ ಹೇಳುವ ವಿಷಯ ಎತ್ತಿದಾಗ ಅವಳು ಎದ್ದು ನಿಂತಳು. "ಮದುವಿ ಮಾಡಂಗಿಲ್ಲ. ಮಂದಿ ಮನಿ ಹುಡುಗಿನ್ನ ಬಾವಿಗೆ ನೂಕೋವಷ್ಟು ಕೆಟ್ಟವಳಲ್ಲ ನಾನು. ಆದ್ರ ಹೇಳೋದೂ ಇಲ್ಲ. ನಾನು ನೋಡ್ಕೊಂತೀನಿ." ಮಗನ ತೋಳು ಹಿಡಿದು ಹೊರಟಳು. ಮೆಟ್ಟಿಲಿಳಿಯುವಾಗ ಅವಳ ಕಾಲು ತಪ್ಪಿತು. ಅವನೇ ಹಿಡಿದುಕೊಂಡ.

21 ಏಪ್ರಿಲ್, ಗುರುವಾರ

ಮದುವೆ ಮುರಿಯಿತು! ಗವಿಸಿದ್ದೇಶನೇ ಬಂದು ಹೇಳಿದ. ಏನು ಕಾರಣ ಕೊಟ್ಟಿರೆಂದು ಕೇಳಿದೆ. ಅವ್ವ ಏನೋ ಹೇಳಿ ಕಳಿಸ್ಯಾಳ ಅಂದ. ನಾನು ಹೆಚ್ಚು ಕೇಳಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಮೇಡಂಗೆ ಫೋನು ಮಾಡಿದೆ. ಸಂಜೆ ಖಾನಾವಳಿಯಲ್ಲಿ ಹೊಟ್ಟೆ ತುಂಬ ಊಟ ಮಾಡಿದೆ.

16 ಜೂನ್, ಗುರುವಾರ

ಬರೆಯದೆ ಬಹಳ ದಿನವಾಯಿತು. ಬರೆಯುವಂಥದ್ದೇನೂ ಇರಲಿಲ್ಲ.

ಮಧ್ಯಾಹ್ನ ಒಬ್ಬ ಲೆಕ್ಚರರ್ ತಮ್ಮ ಕಾಲೇಜಿನ ಹುಡುಗಿಯನ್ನು ಕರೆದುಕೊಂಡು ಬಂದರು. ಓದಿನಲ್ಲಿ ಮುಂದಿದ್ದವಳು ಈಗ ಯಾರ ಜತೆಗೂ ಮಾತಾಡುವುದಿಲ್ಲ, ಪಾಠ ಮಾಡಲು ನಿಲ್ಲಿಸಿದರೆ ಕೈ ನಡುಗುತ್ತದೆ ಅಂದರು. ಹೆಂಗಸರು ಬಂದಾಗ ಪಾಲಮ್ಮ ಬಾಗಿಲ ಹೊರಗೆ ಕೂರುವುದು ವಾಡಿಕೆ. ಕೂತಳು. ಲೆಕ್ಚರರ್ ಹೊರಗೆ ಹೋದರು. ಹುಡುಗಿ ಹೆಸರು ಹೇಳಿದಳು. ಊರು ತೆಲಿಗಿ ಅಂದಳು.

ಗವಿಸಿದ್ದೇಶ್ ಕೂರುವ ಅದೇ ಕುರ್ಚಿಯಲ್ಲಿ ಕೂತಿದ್ದಳು.

ಅವಳು ಹೇಳಿದ್ದು: ಕೊಟ್ಟೂರಿನ ಕಡೆ ಮದುವೆ ಗೊತ್ತಾಗಿತ್ತು. ಪತ್ರಿಕೆ ಹಂಚಿಯೂ ಆಗಿತ್ತು. ಒಂದು ದಿನ ಬೀಗರ ಕಡೆಯಿಂದ ಸುದ್ದಿ ಬಂತು, ಹುಡುಗಿಗೆ ಫಿಟ್ಸ್ ಬರುತ್ತದಂತೆ, ನಮಗೆ ಮುಚ್ಚಿಟ್ಟಿದ್ದೀರಿ, ಮದುವೆ ಬೇಡ ಎಂದು. ಅಪ್ಪ ಹೋಗಿ ಆಣೆ ಮಾಡಿ ಬಂದ. ನಂಬಲಿಲ್ಲ. ಈಗ ಹರಪನಹಳ್ಳಿ ಸುತ್ತಮುತ್ತ ಎಲ್ಲರಿಗೂ ಅವಳು ಫಿಟ್ಸಿನ ಹುಡುಗಿ. ತಂಗಿಗೆ ಬರುವ ಗಂಡುಗಳೂ ವಾಪಸು ಹೋಗುತ್ತಿದ್ದಾರೆ.

"ನನಗ ಯಾವತ್ತೂ ಬಂದಿಲ್ಲ ಸರ್" ಅಂದಳು. "ಆದ್ರ ಈಗ ನಮ್ಮಮ್ಮ ನಡುರಾತ್ರಿ ಎದ್ದು ನನ್ನ ಮುಖ ನೋಡ್ತಾಳೆ. ನಿದ್ದಿಯಾಗ ಬರ್ತೈತೇನೋ, ನನಗೇ ಗೊತ್ತಾಗಲ್ಲೇನೋ ಅಂತ. ನನಗೂ ಹಂಗೇ ಅನ್ನಿಸೋಕೆ ಹತ್ತೈತಿ. ಒಂದು ಪರೀಕ್ಷೆ ಮಾಡಿಸ್ರಿ. ನನ್ನೊಳಗ ಏನೈತಿ ಅಂತ ತಿಳಿದ್ರೆ ಸಾಕು."

ನಾನು ಏನು ಹೇಳಿದೆನೋ ನೆನಪಿಲ್ಲ. ಮುಂದಿನ ಗುರುವಾರ ಬನ್ನಿ ಅಂದೆ ಅಂತ ಕಾಣುತ್ತದೆ.

17 ಜೂನ್, ಶುಕ್ರವಾರ

ಎಸ್.ಟಿ.ಡಿ. ಬೂತಿನಿಂದ ಮೇಡಂಗೆ ಫೋನು ಮಾಡಿದೆ. ಒಬ್ಬನೇ ಕೌನ್ಸೆಲರ್ ಎರಡೂ ಕಡೆಯವರನ್ನು ನೋಡಬಾರದು, ಬೇರೆಯವರಲ್ಲಿಗೆ ಕಳಿಸಬೇಕು ಅಂದರು. ಬೇರೆಯವರೆಂದರೆ ಬಳ್ಳಾರಿ. ಈ ಸುದ್ದಿ ಹಬ್ಬಿದ ಮೇಲೆ ಅವಳಪ್ಪ ಕಾಲೇಜಿಗೆ ಕಳಿಸುವುದೇ ಹೆಚ್ಚು. ಅವಳು ಇಲ್ಲಿಗೆ ಬಂದಿದ್ದು ಮನೆಯಲ್ಲಿ ಗೊತ್ತೇ ಇಲ್ಲ.

ಹಾಗಾದರೆ ನಾನೇನು ಮಾಡಲಿ ಅಂದೆ. ಬೂತಿನ ಮೀಟರು ಓಡುತ್ತಿತ್ತು.

"ನನಗೂ ಗೊತ್ತಾಗವಲ್ದು ಕ್ರಾಂತಿ" ಅಂದರು. "ಅಕಿನ್ನ ಒಬ್ಬಾಕಿನ್ನೇ ಬಿಡಬ್ಯಾಡ್ರಿ. ಅಷ್ಟೇ ಹೇಳಬಲ್ಲೆ."

23 ಜೂನ್, ಗುರುವಾರ

ಅಮೃತಾ ಬಂದಳು. ಬಳ್ಳಾರಿಯ ಮಾತೆತ್ತಿದೆ. ಆಗುವುದಿಲ್ಲ ಅಂದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಎಲ್ಲ ವಿಚಾರಿಸಿ, ನಿನಗೆ ಯಾವ ಫಿಟ್ಸೂ ಇಲ್ಲಮ್ಮ ಅಂದರು. ಹಾಗಾದರೆ ಅವರು ಯಾಕೆ ಹಾಗೆ ಹೇಳಿದರು ಎಂದು ಅವಳು ನನ್ನ ಕಡೆ ತಿರುಗಿ ಕೇಳಿದಳು.

ನನಗೆ ಉತ್ತರ ಗೊತ್ತಿದೆ. ನಾಲಿಗೆಯ ತುದಿಯಲ್ಲೇ ಇದೆ.

30 ಜೂನ್, ಗುರುವಾರ

ಮತ್ತೆ ಬಂದಳು. ನಾನು ಕಪ್ಪಗಿದ್ದೇನೆ ಅಂತ ಇರಬಹುದೇ, ನಿಶ್ಚಯದ ದಿನ ಹೆಚ್ಚು ಮಾತಾಡಿದೆ ಅಂತ ಇರಬಹುದೇ, ನಡೆಯುವುದು ಸರಿಯಿಲ್ಲವೇ ಎಂದು ಕೇಳಿದಳು. ತನ್ನನ್ನು ತಾನೇ ಹೀಗೆ ಒಂದೊಂದಾಗಿ ಸುಲಿದು ಮೇಜಿನ ಮೇಲಿಡುತ್ತಾಳೆ. ಯಾವುದೂ ಅಲ್ಲ ಎಂದು ನಾನು ಹೇಗೆ ಹೇಳಲಿ? ಹೇಳಿದರೆ, ನಿಮಗೆ ಹೇಗೆ ಗೊತ್ತು ಅನ್ನುತ್ತಾಳೆ.

ಕೇಳಿಸಿಕೊಂಡೆ. ಅಷ್ಟೇ. ಹೋಗುವಾಗ ಸ್ವಲ್ಪ ಹಗುರಾತು ಅಂದಳು.

3 ಜುಲೈ, ಭಾನುವಾರ
ಕೂಡ್ಲಿಗಿ

ಊಟಕ್ಕೆ ಕೂತಾಗ ಅಪ್ಪ ಅವ್ವನ ಸುದ್ದಿ ತೆಗೆದ. ಹಾಸ್ಟೆಲಿನಲ್ಲಿ ರಾಶಿ ಅಡುಗೆ ಮಾಡಿ ಬಂದರೆ, ಅವಳು ಮಾಡಿದ ಒಂದು ಮುದ್ದೆಯ ವಾಸನೆಗೇ ಹಸಿವಾಗುತ್ತಿತ್ತಂತೆ. ಆಸ್ಪತ್ರೆಯಲ್ಲಿ ಕೊನೆಗೆ ಅವಳು ಏನೋ ಕೇಳಿದಳಂತೆ, ಇವನಿಗೆ ತಿಳಿಯಲಿಲ್ಲವಂತೆ. ಅದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಅನ್ನ ಆರಿತು. ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬೇಕಿತ್ತು, ತಪ್ಪಿತು. ದಾರಿಯಲ್ಲಿ ಲಾರಿಗೆ ಕೈಮಾಡಿ ಬಂದೆ. ಅಪ್ಪನಿಗೆ ಬೆಳಗಿನ ನಡಿಗೆಯ ಮಾತು ಹೇಳುವುದೇ ಮರೆತುಹೋಯಿತು.

7 ಜುಲೈ, ಗುರುವಾರ

ಬೆಳಿಗ್ಗೆ ಗವಿಸಿದ್ದೇಶ್ ಬಂದ, ರಕ್ತ ತೋರಿಸಲು. ಅಮೃತಾ ಬರುವುದು ಮಧ್ಯಾಹ್ನ. ಇಬ್ಬರೂ ಬಾಗಿಲಲ್ಲಿ ಎದುರಾಗಬಾರದೆಂದು ನನ್ನ ಜೀವವೆಲ್ಲ ಕಿವಿಯಲ್ಲಿತ್ತು. ಅವಳು ಇಲ್ಲಿ ಬರುತ್ತಾಳೆ, ಹೀಗೆ ಸೊರಗಿದ್ದಾಳೆ ಎಂದು ಇವನಿಗೂ ಹೇಳುವಂತಿಲ್ಲ. ಅವಳ ಮಾತೂ ಅವಳದೇ.

ಅವನೇ ಎತ್ತಿದ. ಅಂಗಡಿಗೆ ತೆಲಿಗಿ ಕಡೆಯ ಗಿರಾಕಿ ಬಂದಿದ್ದನಂತೆ. ಆ ಫಿಟ್ಸಿನ ಹುಡುಗಿಯಿಂದ ಪಾರಾದಿ ಬಿಡು ಎಂದು ಬೆನ್ನು ತಟ್ಟಿ ಹೋದನಂತೆ.

ಅದನ್ನು ಕೇಳಿದಾಗ ನಿಮಗೇನನ್ನಿಸಿತು ಎಂದೆ. ಕಾದೆ.

"ಬೆನ್ನು ಇನ್ನೂ ಉರೀತೈತಿ ಸರ್" ಅಂದ. ಆಮೇಲೆ ಮತ್ತೆ, "ಅವ್ವಗ ಏನಂತ ಅನ್ಲಿ? ನನ್ನ ಮರ್ಯಾದಿ ಉಳಿಸಾಕ ಮಾಡ್ಯಾಳ. ನನಗ ಗೊತ್ತಿದ್ದೂ ಸುಮ್ನ ಕುಂತೆ."

ಏನು ಮಾಡಲಿ ಎಂದು ಕೇಳಿದ. ನಿಮಗೇನು ಮಾಡಬೇಕು ಅನ್ನಿಸುತ್ತದೆ ಎಂದು ಕೇಳಿದೆ. ಅವನು ತಾನಾಗಿ ಏಳುವವರೆಗೆ ಜತೆಗೆ ಕೂತೆ.

ಅವನು ಹೋದ ಮೇಲೆ ಕೈ ನೋಡಿಕೊಂಡೆ. ಹೋಗಿ ಹೇಳು ಎಂದು ಅವನನ್ನು ನೂಕಲು ಈ ಕೈ ಎಷ್ಟು ತವಕಿಸಿತ್ತೆಂದರೆ, ಮೇಜಿನ ಅಂಚು ಹಿಡಿದೇ ಕೂತಿದ್ದೆ. ಮಧ್ಯಾಹ್ನ ಅಮೃತಾ ಬರಲಿಲ್ಲ. ಈ ತಿಂಗಳು ಪಾಠ ಮಾಡಿ ತೋರಿಸುವ ಪರೀಕ್ಷೆ ಇದೆಯೆಂದು ಲೆಕ್ಚರರ್ ಹೇಳಿಕಳಿಸಿದರು.

21 ಜುಲೈ, ಗುರುವಾರ

ಗವಿಸಿದ್ದೇಶ್ ತೆಲಿಗಿಗೆ ಹೋಗಿ ಬಂದಿದ್ದಾನೆ.

ತಾಯಿಗೆ ಹೇಳದೆ ಹೋದನಂತೆ. ಅವರ ಮನೆಯ ಕಟ್ಟೆಯ ಮೇಲೆ ಅವಳಪ್ಪ, ಊರಿನ ಇಬ್ಬರು ಹಿರಿಯರು ಕೂತಿದ್ದರಂತೆ. ಒಳಗೆ ಕರೆಯಲಿಲ್ಲ. ನಿಂತುಕೊಂಡೇ ಹೇಳಿದನಂತೆ, ನಿಮ್ಮ ಮಗಳಿಗೆ ಏನೂ ಇಲ್ಲ, ರೋಗ ಇರೋದು ನನಗ, ಇಂಥದ್ದು ಅಂತ. ಅವಳಪ್ಪ ಹೊಡೆಯಲು ಎದ್ದವನು ಹಾಗೇ ಕೂತುಬಿಟ್ಟನಂತೆ. ಹುಡುಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳಂತೆ.

ಅದು ನಡೆದು ವಾರವಾಗಿಲ್ಲ, ಕೊಟ್ಟೂರಿಗೆ ಸುದ್ದಿ ಮುಟ್ಟಿದೆ. ಅಂಗಡಿಗೆ ಜನ ಬರುವುದು ನಿಂತಿದೆ. ತಾಯಿ ಮಾತು ಬಿಟ್ಟಿದ್ದಾಳೆ, ಅನ್ನ ಮಾತ್ರ ನೀಡುತ್ತಾಳೆ.

"ನಾನು ಮಾಡಿದ್ದು ತಪ್ಪಾತೇನ್ರಿ ಸರ್?"

ತಪ್ಪಲ್ಲ ಅಂದರೆ ಅವನ ಖಾಲಿ ಅಂಗಡಿಗೆ ನಾನೇನು ಉತ್ತರ ಕೊಡಲಿ? ಹೌದು ಅನ್ನಲೂ ಆಗದು. ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ. ಮುಂದಿನ ವಾರ ಬೇಗ ಬರ್ತೀನಿ, ಹೆಂಗೂ ಅಂಗಡ್ಯಾಗ ಕೆಲಸ ಇಲ್ಲ ಅಂದ.

28 ಜುಲೈ, ಗುರುವಾರ

ಬೆಳಿಗ್ಗೆ ಗವಿಸಿದ್ದೇಶ್ ಬಂದು ಹೋದ. ಮಧ್ಯಾಹ್ನ ಅಮೃತಾ. ಒಬ್ಬಳೇ ಬಂದಿದ್ದಳು. ಕೈ ನಡುಗುತ್ತಿರಲಿಲ್ಲ. ಪಾಠದ ಪರೀಕ್ಷೆ ಚೆನ್ನಾಗಿ ಆಯಿತೆಂದಳು. ಊರಲ್ಲಿ ಈಗ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ, ಅದೂ ಬೇಸರ ಅಂದಳು. ಅಮ್ಮ ರಾತ್ರಿ ಏಳುವುದು ನಿಲ್ಲಿಸಿದ್ದಾಳೆ.

ಆಮೇಲೆ ನೇರ ನನ್ನ ಮುಖ ನೋಡಿದಳು.

"ಅವ್ನು ನಮ್ಮ ಮನಿಗೆ ಬಂದಿದ್ದ. ಹಗರಿಬೊಮ್ಮನಹಳ್ಳಿಯಾಗ ಒಬ್ಬ ಸರ್ ಅದಾರ, ಮೊದ್ಲಿಂದ ಅವರ ಹತ್ರ ಹೋಗ್ತಿದ್ದೆ ಅಂದ. ನಾನು ನಿಮ್ಮ ಮುಂದ ಕೂತು ನನ್ನ ಬಣ್ಣ ಸರಿಯಿಲ್ಲೇನು, ನಡಿಗೆ ಸರಿಯಿಲ್ಲೇನು ಅಂತ ಕೇಳ್ತಿದ್ನಲ್ಲ, ಆಗ ನಿಮಗ ಗೊತ್ತಿತ್ತೇನ್ರಿ?"

ಅವನು ಅವಳಿಗೆ ಹೇಳಿಕೊಂಡಿರಬಹುದು. ಆದರೆ ನೀವು ಹೇಳಿ ಎಂದು ನನಗೆ ಹೇಳಿಲ್ಲ. ಈಗಲೂ ಹೌದು ಅನ್ನುವಂತಿಲ್ಲ, ಇಲ್ಲ ಅಂದರೆ ಸುಳ್ಳು. ಇಲ್ಲಿಗೆ ಯಾರು ಬರುತ್ತಾರೆ, ಏನು ಹೇಳುತ್ತಾರೆ ಅನ್ನುವುದನ್ನು ನಾನು ಯಾರಿಗೂ ಹೇಳುವಂತಿಲ್ಲ ಅಂದೆ. ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು.

"ನನ್ನ ಮಾತೂ ಯಾರಿಗೂ ಹೇಳಿಲ್ಲೇನು? ಅವ್ನಿಗೂ?"

"ಇಲ್ಲ."

"ಹೇಳಿದ್ರೆ ಇನ್ನೂ ಮೊದ್ಲೇ ಬರ್ತಿದ್ನೇನೋ" ಅಂದಳು.

ಇರಬಹುದು. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ನಾನೂ ಕೂತೆ. ನಿಯಮ ವಿವರಿಸಲಿಲ್ಲ, ಕ್ಷಮೆ ಕೇಳಲಿಲ್ಲ. ಏನು ಹೇಳಿದರೂ ಅದು ನನ್ನ ಸಮಾಧಾನಕ್ಕೇ ಆಗುತ್ತಿತ್ತು.

ಎದ್ದು ಬ್ಯಾಗು ತೆಗೆದುಕೊಂಡಳು. ಬಾಗಿಲ ಹತ್ತಿರ ನಿಂತು, ತಿರುಗದೆಯೇ ಅಂದಳು: "ನಿಮಗ ಹೇಳಿದ್ದು ಎಲ್ಲಿಗೂ ಹೋಗಂಗಿಲ್ಲ ಅಂತಾತು."

ಅದು ದೂರೋ, ನಂಬಿಕೆಯೋ ನನಗೆ ತಿಳಿಯಲಿಲ್ಲ. ಕೇಳಲಿಲ್ಲ. ಮುಂದಿನ ಗುರುವಾರ ಅದೇ ಹೊತ್ತಿಗೆ ಬರಬಹುದೇನ್ರಿ ಎಂದಳು. ಬನ್ನಿ ಅಂದೆ.